ದೈತ್ಯರ ಮೆಟ್ಟಿಲೂ ನಮ್ಮ ಮೊಣಕಾಲೂ

ಪುರಾತನ ವೈಭವ ಪುನರುದ್ಧಾರ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು ನಮ್ಮ ಮರಿಮೆಟ್ಟಿಲುಗಳನ್ನು ಕಿತ್ತುಕೊಂಡು ಹೋಗಿದ್ದೀರಿ. ನಾನು ಈ ನಗರದ ಸೂಲಗಿತ್ತಿ. ಹೆರುವವರೆಲ್ಲ ಮಹಡಿಯ ಮೇಲಿದ್ದಾರೆ, ನಾನು ಕೆಳಗಿದ್ದೇನೆ, ನಮ್ಮ ನಡುವೆ ದೈತ್ಯರು ಕಟ್ಟಿದ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲೂ ನನ್ನ ಸೊಂಟದವರೆಗೆ ಬರುತ್ತದೆ. ಇಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗಬೇಕು. ಆದರೆ ನಿಮ್ಮ ಇಲಾಖೆಗೆ ಇಷ್ಟೇ ಚುಟುಕಾಗಿ ಬರೆದ ಅರ್ಜಿಗಳೆಲ್ಲ ‘ವಿವರ ಸಾಲದು’ ಎಂಬ ಷರಾ ಹೊತ್ತು ಹಿಂದಿರುಗಿವೆ. ಆದ್ದರಿಂದ ಈ ಸಲ ವಿವರವಾಗಿಯೇ, ನಾಲ್ಕು ಜನ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಡಮಾಡುವಂತಿಲ್ಲ. ಈ ತಿಂಗಳು ಇಲ್ಲಿ ಒಂದು ಹೆರಿಗೆಯಾಗಬೇಕಿದೆ. ಮಗು ಹೊಟ್ಟೆಯೊಳಗೆ ಅಡ್ಡ ಮಲಗಿದೆ. ಅದನ್ನು ನೇರ ಮಾಡಲು ನಾನು ಆಗಾಗ ಹೋಗಿ ಕೈಯಾಡಿಸಬೇಕು, ನೋವು ಶುರುವಾದಾಗ ತಾಯಿಯ ಪಕ್ಕದಲ್ಲಿರಬೇಕು. ತಾಯಿ ಇರುವುದು ಮೂರನೇ ಮಹಡಿಯಲ್ಲಿ. ಆಕೆ ಯಾರೆಂದು ಮುಂದೆ ಹೇಳುತ್ತೇನೆ. ಆಕೆ ಯಾರೇ ಆಗಿದ್ದರೂ ನಾನು ಬರೆಯುತ್ತಿದ್ದುದು ಇದೇ ಪತ್ರವನ್ನು.

ನನ್ನ ಭಾಷೆ ಒರಟು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೋವು ತಿನ್ನುತ್ತಿರುವವರ ಹತ್ತಿರ ಮೆತ್ತಗೆ ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲ. ಅವರ ಗಂಡಂದಿರ ಹತ್ತಿರ ಮೆತ್ತಗೆ ಮಾತಾಡಿದರೆ ಒಳಗೇ ಬಂದು ನಿಲ್ಲುತ್ತಾರೆ. ಅಧಿಕಾರಿಗಳ ಹತ್ತಿರ ಹೇಗೆ ಮಾತಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ಆದರೆ ಹುಟ್ಟಿದ ಗಳಿಗೆಯಲ್ಲಿ ಎಲ್ಲರನ್ನೂ ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುವವಳು ನಾನು. ಅಂಥವರಲ್ಲಿ ಯಾರು ಮುಂದೆ ಅಧಿಕಾರಿಗಳಾಗುತ್ತಾರೆಂದು ಆಗ ಗೊತ್ತಾಗುವುದಿಲ್ಲವಾದ್ದರಿಂದ ನನಗೆ ಯಾರ ಭಯವೂ ಬೆಳೆಯಲಿಲ್ಲ.

ಸಾಮ್ರಾಜ್ಯದ ಬೇರೆ ಮೂಲೆಗಳಲ್ಲಿ ಇದನ್ನು ಓದುವವರಿಗೆ ನಮ್ಮ ನಗರದ ಪರಿಚಯ ಇರಲಿಕ್ಕಿಲ್ಲ. ಇದು ದೈತ್ಯರ ನಗರ. ಅವರು ಯಾಕೆ ಬಿಟ್ಟುಹೋದರು, ಎಲ್ಲಿಗೆ ಹೋದರು ಎಂದು ಯಾರಿಗೂ ಗೊತ್ತಿಲ್ಲ. ನಾವು ಬಂದಾಗ ಬೀದಿಯ ನಡುವೆ ಮರಗಳು ಬೆಳೆದಿದ್ದವು. ಕೆರೆಯೆಂದು ತಿಳಿದು ನಾವು ಬಟ್ಟೆ ಒಗೆದದ್ದು ಯಾವನೋ ದೈತ್ಯ ಕೈ ತೊಳೆಯುತ್ತಿದ್ದ ಬೋಗುಣಿಯೆಂದು ಆಮೇಲೆ ಗೊತ್ತಾಯಿತು. ನಮ್ಮ ಸಾಮ್ರಾಜ್ಯಕ್ಕೆ ಒಂದು ಚಾಳಿಯಿದೆ, ಅದರ ಗಡಿ ಒಂದು ಕಡೆ ನಿಲ್ಲುವುದಿಲ್ಲ. ಗಡಿ ಮುಂದೆ ಹೋದರೆ ಹಿಂದಿನಿಂದ ಜನರೂ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕು. ಇಲ್ಲವಾದರೆ ಬರೀ ಖಾಲಿ ಜಾಗವನ್ನು ಗೆದ್ದಂತಾಗಿ ದೊಡ್ಡವರಿಗೆ ಮುಜುಗರವಾಗುತ್ತದೆ. ಹಾಗೆ ಮುಜುಗರ ತಪ್ಪಿಸಲು ಬಂದವರು ನಾವು. ಕರಪತ್ರದಲ್ಲಿ ಮನೆಗಳು ವಿಶಾಲವಾಗಿವೆ ಎಂದಿತ್ತು, ಅದು ಸುಳ್ಳಲ್ಲ. ಗಾಳಿ ಬೆಳಕು ಧಾರಾಳ ಎಂದಿತ್ತು, ಅದೂ ಸುಳ್ಳಲ್ಲ, ಅರ್ಧಕ್ಕರ್ಧ ಮನೆಗಳಿಗೆ ಸೂರೇ ಇರಲಿಲ್ಲ.

ಆದರೂ ನಾವು ಬದುಕಿದೆವು. ನಾನು ಒಂದು ಒಲೆಯಲ್ಲಿ ವಾಸವಾಗಿದ್ದೇನೆ. ದೈತ್ಯನ ಒಲೆ, ಒಳ್ಳೆಯ ಜಾಗ, ಚಳಿಗಾಲದಲ್ಲಿ ಬೆಚ್ಚಗಿರುತ್ತದೆ, ಮೇಲೆ ಹೊಗೆಗೂಡಿನ ತುದಿಯಲ್ಲಿ ಒಂದು ಚೂರು ಆಕಾಶ ಕಾಣುತ್ತದೆ. ಪಕ್ಕದ ಮನೆಯ ಇಟ್ಟಿಗೆ ಸುಡುವವನ ಕೂಡುಕುಟುಂಬ ಇಡಿಯಾಗಿ ಒಂದೇ ಮಂಚದ ಮೇಲೆ ಸಂಸಾರ ಹೂಡಿದೆ. ಅತ್ತೆ ತಲೆದಿಂಬಿನ ಕಡೆ, ಸೊಸೆಯಂದಿರು ಕಾಲಿನ ಕಡೆ, ನಡುವೆ ಮೂರು ಪರದೆ. ಕೂಗಿದರೂ ಕೇಳಿಸದಷ್ಟು ದೂರ ಇರುವುದರಿಂದ ಆ ಮನೆಯಲ್ಲಿ ಜಗಳವೇ ಇಲ್ಲ. ಬಾಗಿಲುಗಳನ್ನು ತೆರೆಯುವುದು ನಮ್ಮಿಂದಾಗದ ಕೆಲಸ, ಅಗುಳಿಗಳು ಎಲ್ಲೋ ಮೇಲಿವೆ. ನಾವು ಬಾಗಿಲಡಿಯ ಸಂದಿಯಲ್ಲಿ ತಲೆ ತಗ್ಗಿಸಿ ಓಡಾಡುತ್ತೇವೆ. ಮನೆಗೆ ಬರುವ ಪ್ರತಿಯೊಬ್ಬರೂ ತಲೆ ತಗ್ಗಿಸಿಯೇ ಬರುವುದರಿಂದ ನಮ್ಮ ನಗರದ ಜನ ಬಹಳ ವಿನಯವಂತರು ಎಂದು ಹೊರಗಿನವರು ಹೊಗಳುತ್ತಾರೆ.

ಕಷ್ಟವೆಂದರೆ ಮೆಟ್ಟಿಲು. ಕೆಳ ಅಂತಸ್ತುಗಳನ್ನೆಲ್ಲ ಸಾಮ್ರಾಜ್ಯ ಮೊದಲ ವರ್ಷವೇ ಕುದುರೆ ಲಾಯಕ್ಕೆ, ಆಯುಧಶಾಲೆಗೆ, ಕಣಜಕ್ಕೆ ಎಂದು ಹಿಡಿದುಕೊಂಡಿತು. ಉಳಿದದ್ದರಲ್ಲಿ ಕಚೇರಿಗಳು ಬಂದವು. ಹೀಗಾಗಿ ಸಂಸಾರಸ್ಥರೆಲ್ಲ ಮಹಡಿ ಸೇರಿದರು. ಹರೆಯದವರು ಹೇಗೋ ಮೊಣಕೈ ಊರಿ, ಹೊಟ್ಟೆ ಮೇಲೆ ತೆವಳಿ ಹತ್ತುತ್ತಿದ್ದರು. ಆದರೆ ಬಸುರಿ ಹೊಟ್ಟೆ ಮೇಲೆ ತೆವಳುವುದು ಹೇಗೆ? ನೀವು ಪುರುಷರು, ಒಂದು ಕುಂಬಳಕಾಯಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಒಮ್ಮೆ ಪ್ರಯತ್ನಿಸಿ ನೋಡಿ.

ಆಗ ನಮ್ಮಲ್ಲಿ ಒಂದು ಪದ್ಧತಿ ತಾನಾಗಿ ಹುಟ್ಟಿಕೊಂಡಿತು. ಇದನ್ನು ಯಾರೂ ಆದೇಶಿಸಲಿಲ್ಲ, ಬಹುಶಃ ಅದಕ್ಕೇ ಚೆನ್ನಾಗಿತ್ತು. ಯಾವ ಮನೆಯಲ್ಲಿ ಬಸುರಿ ಇದ್ದಾಳೆಂದು ಗೊತ್ತಾಗುತ್ತದೋ ಆ ಮನೆಗೆ ಬೀದಿಯವರೆಲ್ಲ ಒಂದೊಂದು ಹಲಗೆ ಕೊಡಬೇಕು. ದೈತ್ಯರ ಒಂದೊಂದು ಮೆಟ್ಟಿಲಿನ ಪಕ್ಕಕ್ಕೆ ಗೋಡೆಗೆ ಅಂಟಿದಂತೆ ಮೂರು ಸಣ್ಣ ಮೆಟ್ಟಿಲು. ಅವೇ ಮರಿಮೆಟ್ಟಿಲು. ಮಗು ಹುಟ್ಟಿದ ಮೇಲೂ ಅವನ್ನು ಯಾರೂ ಕೀಳುವುದಿಲ್ಲ. ಹೀಗೆ ಒಂದೊಂದು ಬಸುರಿಗೆ ಒಂದೊಂದು ಮನೆಯಂತೆ ಇಡೀ ನಗರ ಹತ್ತುವಂತಾಯಿತು, ಇಳಿಯುವಂತಾಯಿತು. ಮುದುಕರು ಬಿಸಿಲಿಗೆ ಬಂದರು, ಕುಂಟರು ಪೇಟೆಗೆ ಬಂದರು.

ಆ ಹಲಗೆಗಳನ್ನು ನೀವು ಸರಿಯಾಗಿ ನೋಡಿದ್ದೀರಾ? ನಮ್ಮನ್ನು ಇಲ್ಲಿಗೆ ಹೊತ್ತು ತಂದ ಗಾಡಿಯ ತಳ ಅವುಗಳಲ್ಲಿದೆ. ರೊಟ್ಟಿಯಂಗಡಿಯವಳು ಹಿಟ್ಟು ನಾದುತ್ತಿದ್ದ ಹಲಗೆಯಿದೆ, ಹತ್ತುವಾಗ ಸ್ವಲ್ಪ ಹುಳಿ ವಾಸನೆ ಬರುತ್ತಿತ್ತು. ಒಬ್ಬ ಮಾವ ಸೊಸೆಗೆಂದು ತನ್ನ ಮಂಚದ ಅರ್ಧ ಕೊಯ್ದು ಕೊಟ್ಟು, ಉಳಿದರ್ಧದ ಮೇಲೆ ಕಾಲು ಮಡಚಿ ಮಲಗುತ್ತಿದ್ದಾನೆ. ನೂಲು ತೆಗೆಯುವ ಓರಗಿತ್ತಿಯರಿಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವು. ಇಬ್ಬರೂ ಕೊಟ್ಟ ಹಲಗೆಗಳು ಒಂದೇ ಮನೆಯಲ್ಲಿ ಅಕ್ಕಪಕ್ಕ ಬಿದ್ದವು, ಒಂದು ಅಲುಗಾಡಿದರೆ ಇನ್ನೊಂದೂ ಅಲುಗಾಡುತ್ತಿತ್ತು. ಕೊನೆಗೆ ಮೊಳೆ ಹೊಡೆಸುವ ವಿಷಯಕ್ಕಾದರೂ ಅವರು ಮಾತಾಡಲೇಬೇಕಾಯಿತು. ಈಗ ಅವರ ಮಾತು ನಿಲ್ಲಿಸುವುದು ಕಷ್ಟವಾಗಿದೆ.

ಇಂಥಲ್ಲಿಗೆ ನೀವು ದಯಮಾಡಿಸಿದಿರಿ. ಸಾಮ್ರಾಜ್ಯಕ್ಕೆ ಈ ನಗರ ಸಿಕ್ಕ ಮೇಲೆ ದೈತ್ಯರು ನಮ್ಮ ಪೂರ್ವಜರಾಗಿಬಿಟ್ಟರು. ಯಾವ ಲೆಕ್ಕದಲ್ಲಿ ಎಂದು ಕೇಳಬಾರದು. ಪೂರ್ವಜರ ಮನೆಯನ್ನು ಮೂಲ ಸ್ಥಿತಿಗೆ ತರಬೇಕೆಂದು ನಿಮ್ಮ ಇಲಾಖೆ ಹುಟ್ಟಿತು. ಬಂದ ವಾರವೇ ನೀವು ಹೊರಡಿಸಿದ ಆದೇಶವನ್ನು ನಾನು ಪೂರ್ತಿ ಓದಿದೆ. ‘ಭವ್ಯ ಸೋಪಾನಗಳ ಅಂಗಶೋಭೆಗೆ ಕುಂದು ತರುವ ಅನಧಿಕೃತ ಕಿರುರಚನೆಗಳನ್ನು ನಿರ್ದಾಕ್ಷಿಣ್ಯವಾಗಿ ತೆರವುಗೊಳಿಸತಕ್ಕದ್ದು.’ ಎಷ್ಟು ಸುಂದರವಾದ ವಾಕ್ಯ. ನಾಲ್ಕು ಸಲ ಓದಿದ ಮೇಲೆ, ನಮ್ಮ ಹಲಗೆ ಕೀಳಲು ಬರುತ್ತಿದ್ದಾರೆ ಎಂದು ಅರ್ಥವಾಯಿತು. ಅಷ್ಟರಲ್ಲಿ ಅವರು ಬಂದೇಬಿಟ್ಟಿದ್ದರು.

ಆಮೇಲೆ ಸೋಪಾನಾರೋಹಣ ಸಮಾರಂಭ ನಡೆಯಿತು. ಶುದ್ಧಗೊಂಡ ಮೆಟ್ಟಿಲುಗಳನ್ನು ನೀವೇ ಮೊದಲು ಹತ್ತಿ ಉದ್ಘಾಟಿಸುವುದೆಂದು ಗೊತ್ತಾಗಿತ್ತು. ನಾನೂ ಮುಂದಿನ ಸಾಲಿನಲ್ಲಿದ್ದೆ. ಒಬ್ಬ ಜವಾನ ಮೇಲಿನಿಂದ ನಿಮ್ಮ ಎರಡೂ ಕೈ ಹಿಡಿದ, ಇಬ್ಬರು ಕೆಳಗಿನಿಂದ, ಹೇಗೆ ಬರೆಯಲಿ, ನಿಮ್ಮ ಘನತೆಗೆ ಹೆಗಲು ಕೊಟ್ಟರು. ಸಾರ್ವಜನಿಕರು ದಯವಿಟ್ಟು ಕೆಲಕಾಲ ಆಚೆ ನೋಡಬೇಕೆಂದು ಡಂಗುರದವನು ಕೂಗಿದ. ವಾದ್ಯದವರಿಗೆ ಗೊತ್ತಿದ್ದ ರಾಗವೆಲ್ಲ ಮುಗಿದು, ಮೊದಲಿನಿಂದ ಶುರುಮಾಡಿ, ಅದೂ ಮುಗಿದು, ಅವರು ಕೂತು ನೀರು ಕುಡಿದರು. ಕೊನೆಗೆ ತುದಿ ಮುಟ್ಟಿ ಏದುಸಿರು ಬಿಡುತ್ತ ನೀವು ಭಾಷಣ ಮಾಡಿದಿರಿ: ನಾವು ದೈತ್ಯರ ವಾರಸುದಾರರು, ಇನ್ನು ಮುಂದೆ ನಮ್ಮ ಹೆಜ್ಜೆಗಳೂ ದೊಡ್ಡವಾಗಬೇಕು. ನನ್ನ ಪಕ್ಕದಲ್ಲಿ ಬೀದಿದೀಪ ಹಚ್ಚುವವನ ತಾಯಿ ನಿಂತಿದ್ದಳು. ಬೀದಿಯವರೆಲ್ಲ ಅವಳನ್ನು ಗಡಿಬಿಡಿ ಅತ್ತೆ ಎನ್ನುತ್ತೇವೆ.

“ಹೆಜ್ಜೆ ದೊಡ್ಡದಾಗ್ಬೇಕು ಅಂದ್ರೆ ಮೊದಲು ಕಾಲು ಉದ್ದ ಆಗ್ಬೇಕಲ್ಲೇ. ಅದಕ್ಕೂ ಆದೇಶ ಹೊರಡಿಸ್ತಾರಾ ಇವರು?” ಎಂದಳು.

“ಸುಮ್ನಿರಿ ಅತ್ತೆ, ಕೇಳಿಸ್ಕೊಂಡ್ರೆ ಹೊರಡಿಸಿಬಿಟ್ಟಾರು,” ಎಂದೆ.

ಇನ್ನು ಸಾಕ್ಷಿ ಬೇಕಲ್ಲವೇ, ಅದನ್ನು ಹೇಳುತ್ತೇನೆ. ಗಡಿಬಿಡಿ ಅತ್ತೆಯ ಸೊಸೆಗೆ, ಅಂದರೆ ದೀಪ ಹಚ್ಚುವವನ ಹೆಂಡತಿಗೆ, ನಿಮ್ಮ ಸಮಾರಂಭವಾದ ಕೆಲವೇ ದಿನಗಳಲ್ಲಿ ನೋವು ಶುರುವಾಯಿತು. ಮಟಮಟ ಮಧ್ಯಾಹ್ನ. ಅವರದು ಎರಡನೇ ಮಹಡಿ. ನಾನು ಮೆಟ್ಟಿಲ ಬುಡಕ್ಕೆ ಓಡಿಹೋಗಿ ನಾಲ್ಕು ಹತ್ತುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಆಗ ದೀಪ ಹಚ್ಚುವವನಿಗೆ ಒಂದು ಉಪಾಯ ಹೊಳೆಯಿತು. ಎಣ್ಣೆ ಡಬ್ಬ ಮೇಲೆತ್ತಲು ಅವನ ಕಿಟಕಿಯಲ್ಲಿ ಒಂದು ರಾಟೆಯಿದೆ, ಅದಕ್ಕೆ ಹಗ್ಗ, ಹಗ್ಗಕ್ಕೆ ಬುಟ್ಟಿ. ನನ್ನನ್ನು ಬುಟ್ಟಿಯಲ್ಲಿ ಕೂರಿಸಿ ಬೀದಿಯವರೆಲ್ಲ ಸೇರಿ ಎಳೆದರು. ಎಣ್ಣೆ ಡಬ್ಬಕ್ಕೂ ನನಗೂ ತೂಕದಲ್ಲಿ ವ್ಯತ್ಯಾಸವಿದೆಯೆಂಬುದು ಕಿಟಕಿಗೆ ಇನ್ನೇನು ಒಂದು ಆಳಿನಷ್ಟು ದೂರವಿದೆ ಎನ್ನುವಾಗ ಗೊತ್ತಾಯಿತು. ಹಗ್ಗ ರಾಟೆಯ ಸಂದಿಯಲ್ಲಿ ಸಿಕ್ಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಬುಟ್ಟಿ ಮಾತ್ರ ಮೆಲ್ಲಗೆ ಸುತ್ತುತ್ತಿತ್ತು. ಒಮ್ಮೆ ಮನೆಯ ಕಿಟಕಿ ಕಾಣುತ್ತಿತ್ತು, ಒಮ್ಮೆ ನಿಮ್ಮ ಕಚೇರಿಯ ಫಲಕ ಕಾಣುತ್ತಿತ್ತು.

ಮಗುವಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಹೊರಟೇಬಿಟ್ಟಿತು. ಅತ್ತೆ ಕಿಟಕಿಗೆ ಬಂದು ನನ್ನ ಕಡೆ ಬಗ್ಗಿದಳು.

“ತಲೆ ಕಾಣಿಸ್ತಿದೆಯಾ ಅತ್ತೆ?” ಎಂದು ಕೂಗಿದೆ.

“ಅದರದ್ದೂ ಕಾಣಿಸ್ತಿದೆ, ನಿಂದೂ ಕಾಣಿಸ್ತಿದೆ. ಯಾವುದನ್ನ ಮೊದ್ಲು ಎಳೀಲಿ?”

“ಯಾವುದನ್ನೂ ಎಳೀಬೇಡಿ. ಒಳಗೆ ಹೋಗಿ, ಕೈ ಕೆಳಗೆ ಹಿಡೀರಿ ಅಷ್ಟೆ. ಅವಳಿಗೆ ಉಸಿರು ಬಿಡು ಅಂತ ಹೇಳಿ.”

ನಾನು ಹೇಳಿದ್ದನ್ನು ಕೆಳಗೆ ಹಗ್ಗ ಹಿಡಿದವರೂ ಒಟ್ಟಾಗಿ ಮೇಲಕ್ಕೆ ಕೂಗಿದರು, ಒಳಗಿನವಳಿಗೆ ಕೇಳಿಸದಿದ್ದರೆ ಎಂದು. “ಉಸಿರು ಬಿಡಮ್ಮಾ” ಎಂದು ಇಡೀ ಬೀದಿ. ಹಗ್ಗ ಹಿಡಿದವರು ಕೂಡ ಉಸಿರು ಬಿಟ್ಟರು, ಆಗ ನನ್ನ ಬುಟ್ಟಿ ಸ್ವಲ್ಪ ಕೆಳಗೆ ಜಾರಿತು. ಅತ್ತೆ ಮತ್ತೆ ಕಿಟಕಿಗೆ ಬಂದಳು.

“ಕತ್ತಿಗೆ ಹೊಕ್ಕುಳಬಳ್ಳಿ ಸುತ್ತಿದೆ ಕಣೇ. ಮಗು ನೀಲಿಯಾಗಿದೆ.”

ಮಾನ್ಯರೇ, ಇಷ್ಟು ಹೊತ್ತು ನಗುತ್ತಾ ಓದಿದವರಿದ್ದರೆ ಅವರನ್ನು ನಾನು ದೂರುವುದಿಲ್ಲ. ಬೀದಿಯಲ್ಲೂ ನಗುವವರಿದ್ದರು. ಆದರೆ ಆ ಮಾತು ಕೇಳಿದಾಗ ನಾನು ನನ್ನ ಕೈಗಳನ್ನೇ ನೋಡಿಕೊಂಡೆ. ಈ ಕೈಗಳು ಅಂಥ ಬಳ್ಳಿಯನ್ನು ಎಷ್ಟೋ ಸಲ ಬಿಡಿಸಿವೆ, ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲವು. ಅವು ಒಂದು ಆಳಿನಷ್ಟು ದೂರದಲ್ಲಿ ಬುಟ್ಟಿಯ ಅಂಚನ್ನು ಹಿಡಿದುಕೊಂಡಿದ್ದವು. ಅಷ್ಟು ಅಸಹಾಯಕಳಾಗಿ ನಾನು ಎಂದೂ ಇರಲಿಲ್ಲ, ಅಷ್ಟು ಹೆದರಿಯೂ ಇರಲಿಲ್ಲ. ಬೆರಳು ಒಳಗೆ ತೂರಿಸಿ ಬಳ್ಳಿ ಸಡಿಲಿಸಿ ತಲೆಯ ಮೇಲಿಂದ ದಾಟಿಸಿ ಎಂದು ಕೂಗಿದೆ. ಜನ್ಮದಲ್ಲಿ ಒಂದು ಕೆಲಸವನ್ನೂ ನಿಧಾನವಾಗಿ ಮಾಡದ ಆ ಮುದುಕಿ ಅವತ್ತು ನಿಧಾನವಾಗಿ ಮಾಡಿದಳು. ಮಗು ಅತ್ತಿತು. ಹೆಣ್ಣು ಮಗು, ಈಗ ಚೆನ್ನಾಗಿದೆ, ಹಾಲು ಕುಡಿಯುತ್ತದೆ, ಬೇಕಾದಷ್ಟು ಕಿರುಚುತ್ತದೆ. ನಾನು ಬುಟ್ಟಿಯಲ್ಲಿ ಮುದುಡಿ ಕೂತು ಅಳುತ್ತಿದ್ದೆ. ನನ್ನನ್ನು ಇಳಿಸಿದಾಗ ಸಂಜೆಯಾಗಿತ್ತು.

ಮಾರನೆಯ ದಿನ ನಿಮ್ಮ ಕಚೇರಿಗೆ ಬಂದೆ. ನೀವಿರಲಿಲ್ಲ, ಗುಮಾಸ್ತರಿದ್ದರು. ಪೀಠೋಪಕರಣಗಳೂ ಮೂಲ ಸ್ಥಿತಿಯಲ್ಲೇ ಇರಬೇಕೆಂದು ನೀವು ಹೇಳಿರುವುದರಿಂದ ಪಾಪ ಅವರು ದೈತ್ಯನ ಕುರ್ಚಿಯ ಮೇಲೆ ಕೂತಿದ್ದರು. ಕೆಳಗಿನಿಂದ ನನಗೆ ಅವರ ಎರಡು ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು, ಗಾಳಿಯಲ್ಲಿ ತೂಗಾಡುತ್ತಿದ್ದವು.

“ಏನಾಗ್ಬೇಕಿತ್ತಮ್ಮಾ?” ಎಂದಿತು ಮೇಲಿನ ಧ್ವನಿ.

“ಮೆಟ್ಟಿಲು ಬೇಕಾಗಿತ್ತಪ್ಪಾ.”

“ಮೆಟ್ಟಿಲಿದೆಯಲ್ಲ, ಈಗ್ತಾನೆ ತೊಳೆಸಿದ್ದೀವಿ.”

“ಅದು ದೈತ್ಯರ ಕಾಲಿನ ಅಳತೆಗಲ್ವಾ?”

“ದೈತ್ಯರು ಯಾರೂ ಇದುವರೆಗೆ ದೂರು ಕೊಟ್ಟಿಲ್ಲಮ್ಮ.”

“ಅವರು ಇಲ್ವಲ್ಲಪ್ಪಾ, ಹೆಂಗೆ ಕೊಡ್ತಾರೆ? ನಾನು ಕೊಡ್ತಿದ್ದೀನಿ. ಬಸುರೀರು ಹತ್ತೋದು ಹೆಂಗೆ, ನಾನು ಹೋಗೋದು ಹೆಂಗೆ?”

ಸ್ವಲ್ಪ ಹೊತ್ತು ಚಪ್ಪಲಿಗಳು ಯೋಚಿಸಿದವು. “ಬಸುರಿಯರು ದಿನ ಹತ್ತಿರ ಬಂದಾಗ ಮುಂಚಿತವಾಗಿ ಕೆಳಗಿಳಿದು ಬಂದರೆ ಆಯ್ತಮ್ಮ.”

“ಕೆಳಗೆ ಎಲ್ಲಿಗೆ? ಕುದುರೆ ಲಾಯಕ್ಕಾ?”

“ಲಾಯ ನಮ್ಮ ಇಲಾಖೆಗೆ ಬರಲ್ಲ. ಅದಕ್ಕೆ ಕುದುರೆಗಳ ಕಡೆಯವರನ್ನ ಕೇಳ್ಬೇಕು.”

ನಾನು ಹೊರಡಲು ತಿರುಗಿದೆ. ಆಗ ಮೇಲಿನಿಂದ ಧ್ವನಿ ಬಹಳ ತಗ್ಗಿ ಬಂತು. “ಅಮ್ಮಾ, ಒಂದುಪಕಾರ ಮಾಡ್ತೀರಾ? ಆ ಪರದೆ ಹಿಂದೆ ಒಂದು ಕಾಲ್ಮಣೆ ಇದೆ. ಸ್ವಲ್ಪ ಇತ್ಲಾಗೆ ತಳ್ಳಿ. ಬೆಳಿಗ್ಗೆಯಿಂದ ಇಳಿದಿಲ್ಲ, ತುಂಬಾ ಅವಸರ.” ತಳ್ಳಿದೆ. ಅವರು ಇಳಿದು ಓಡಿದರು. ಕಾಲ್ಮಣೆಯ ಮಾತನ್ನು ಯಾರಿಗೂ ಹೇಳಬಾರದೆಂದು ಬಾಗಿಲ ಸಂದಿಯಿಂದ ತಲೆ ಹೊರಹಾಕಿ ಬೇಡಿಕೊಂಡರು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಈ ಪ್ಯಾರಾವನ್ನು ನೀವು ಓದಿಲ್ಲವೆಂದು ತಿಳಿದುಕೊಳ್ಳತಕ್ಕದ್ದು.

ಮೂಲ ಸ್ಥಿತಿ, ಮೂಲ ಸ್ಥಿತಿ ಎನ್ನುತ್ತೀರಲ್ಲ, ಆ ಬಗ್ಗೆ ನನ್ನದೂ ಒಂದು ಮಾತಿದೆ. ದೈತ್ಯರು ಹುಟ್ಟುವಾಗಲೇ ದೈತ್ಯರಾಗಿದ್ದರೇ? ಅವರ ಹೆಂಗಸರೂ ಬಸುರಾಗಿರಬೇಕು, ಹೆತ್ತಿರಬೇಕು. ಅವರ ಕೂಸು ಅಂಬೆಗಾಲಿಡುವ ಹೊತ್ತಿಗೆ ಹೆಚ್ಚೆಂದರೆ ನನ್ನಷ್ಟು ಎತ್ತರವಿದ್ದೀತು. ಆ ಕೂಸು ಈ ಮೆಟ್ಟಿಲು ಹೇಗೆ ಹತ್ತುತ್ತಿತ್ತು? ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ, ಕೆಳಗೆ, ಸಾಲಾಗಿ ಚೌಕನೆಯ ತೂತುಗಳಿವೆ. ನಮ್ಮ ಹಲಗೆಗಳನ್ನು ನಾವು ಸಿಕ್ಕಿಸಿದ್ದು ಆ ತೂತುಗಳಿಗೆ. ನಾವು ಬರುವ ಮೊದಲೇ ಅವು ಅಲ್ಲಿದ್ದವು, ಅಂಚುಗಳು ಸವೆದು ನುಣ್ಣಗಾಗಿದ್ದವು. ನಿಮ್ಮವರು ಅವನ್ನು ನಾವು ಮಾಡಿದ ಹಾನಿ ಎಂದು ಬಗೆದು ಗಾರೆ ತುಂಬಿಸಿದ್ದಾರೆ. ದೈತ್ಯರ ಮನೆಯಲ್ಲೂ ಮಕ್ಕಳಿಗೊಂದು ಮರಿಮೆಟ್ಟಿಲಿತ್ತು ಎಂದು ನಾನು ನಂಬುತ್ತೇನೆ. ಇಲ್ಲವೆಂದು ನೀವು ಸಾಧಿಸುವುದಾದರೆ ಸಾಧಿಸಿ, ಆದರೆ ಅದಕ್ಕೆ ಮೊದಲು ಒಮ್ಮೆ ಬಗ್ಗಿ ನೋಡಿ. ಅವರ ಸೂಲಗಿತ್ತಿಯನ್ನು ನೆನೆದರೆ ಮಾತ್ರ ನನಗೆ ಇದ್ದಲ್ಲಿಂದಲೇ ಕೈಮುಗಿಯಬೇಕೆನಿಸುತ್ತದೆ, ಎಂಥ ತೋಳುಗಳಿದ್ದವೋ ಅವಳಿಗೆ.

ಈಗ ಆ ಮೂರನೇ ಮಹಡಿಯ ಮನೆಯ ವಿಷಯ. ಯಾರ ಮನೆಯೆಂದರೆ ನಿಮ್ಮ ಮನೆ.

ಅಡ್ಡ ಮಲಗಿರುವ ಮಗು ನಿಮ್ಮದು. ಇದನ್ನು ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ಹುಬ್ಬೇರಿಸಬೇಡಿ. ಬರೆಯಬೇಕೆಂದು ಹೇಳಿದವರು ನಿಮ್ಮ ಮನೆಯವರೇ. ಹೋದ ವಾರ ಅವರು ಹೇಳಿ ಕಳಿಸಿದ್ದರಿಂದ ನಾನು ನಿಮ್ಮ ಬಂಗಲೆಗೆ ಬಂದಿದ್ದೆ. ಅದು ಮಾದರಿ ಗೃಹವಾದ್ದರಿಂದ ಮರಿಮೆಟ್ಟಿಲು ಮೊದಲು ಹೋದದ್ದು ಅಲ್ಲಿಂದಲೇ. ನಿಮ್ಮ ಅಡುಗೆಯವಳು ಹಿಂದಿನಿಂದ ತಳ್ಳಿದಳು, ಕಾವಲಿನವನು ಮೇಲಿನಿಂದ ಎಳೆದ. ಬೆಳಿಗ್ಗೆ ಹೊರಟವಳು ಮೂರನೇ ಮಹಡಿ ತಲುಪಿದಾಗ ನಿಮ್ಮ ಮನೆಯಲ್ಲಿ ಊಟ ಬಡಿಸುತ್ತಿದ್ದರು. ಬಸುರಿಯನ್ನು ನೋಡಲು ಬಂದ ನನ್ನನ್ನೇ ಜಮಖಾನೆಯ ಮೇಲೆ ಮಲಗಿಸಿ, ಬಸುರಿ ಗಾಳಿ ಬೀಸಿದರು.

ಒಳ್ಳೆಯ ಹೆಣ್ಣುಮಗಳು, ಮಾತಿನಲ್ಲಿ ಜಾಣೆ. ಹೊಟ್ಟೆ ಕಾಣಿಸತೊಡಗಿದಾಗಿನಿಂದ ಆಕೆ ಕೆಳಗಿಳಿದಿಲ್ಲ. ದಿನಾ ಕಚೇರಿಗೆ ಹೋಗುವ ನೀವು ಹೇಗೆ ಇಳಿಯುತ್ತೀರೆಂದು ಆಕೆಯನ್ನು ಕೇಳಿದೆ.

“ಅವರಾ? ದಿಂಬಿನ ಮೇಲೆ ಕೂತು ಜಾರ್ಕೊಂಡು ಇಳೀತಾರೆ ಅಕ್ಕಾ. ಬಾಗಿಲ ಹತ್ರ ಎದ್ದು, ಬಟ್ಟೆ ಕೊಡವ್ಕೊಂಡು, ಗಂಭೀರವಾಗಿ ಆಚೆ ಹೋಗ್ತಾರೆ. ದಿಂಬನ್ನ ಅಡುಗೆಯವಳು ಮೇಲೆ ತಂದಿಡ್ತಾಳೆ.”

ಇಬ್ಬರೂ ನಕ್ಕೆವು. ಆಮೇಲೆ ಹೊಟ್ಟೆ ಮುಟ್ಟಿ ನೋಡಿದೆ, ನಗು ನಿಂತಿತು. ತಲೆ ಎಲ್ಲಿರಬೇಕೋ ಅಲ್ಲಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಿಸಿ ಎಣ್ಣೆ ಹಚ್ಚಿ ಸ್ವಲ್ಪ ತಿರುಗಿಸಿದೆ, ಒಂದೇ ಸಲಕ್ಕೆ ಆಗುವ ಕೆಲಸವಲ್ಲ ಅದು. ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನೋವು ಬಂದಾಗ ನೀವು ಬರ್ತೀರಲ್ವಾ ಅಕ್ಕಾ?”

“ಬರ್ತೀನಮ್ಮಾ. ಬರೋ ದಾರಿ ಇದ್ರೆ ಬರ್ತೀನಿ. ನಿಮ್ಮ ಮನೆಯವರಿಗೆ ಹೇಳಿದ್ರಾ?”

“ಹೇಳ್ದೆ. ಇಲಾಖೆ ಮುಖ್ಯಸ್ಥನ ಮನೆಗೇ ಮರಿಮೆಟ್ಟಿಲು ಹಾಕಿಸಿದ್ರೆ ಜನ ಏನಂತಾರೆ ಅಂದ್ರು. ಮನೇಲಿ ಹೇಳಿದ್ದು ಅವರ ತಲೆಗೆ ಹೋಗಲ್ಲ ಅಕ್ಕಾ. ಪತ್ರಿಕೇಲಿ ಬಂದ್ರೆ ಎರಡೆರಡು ಸಲ ಓದ್ತಾರೆ. ನೀವು ಬರೀರಿ.”

ಅದಕ್ಕೇ ಬರೆಯುತ್ತಿದ್ದೇನೆ. ಎರಡನೇ ಸಲ ಓದುವಾಗ ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ.

ಜನ ಏನೆನ್ನುತ್ತಾರೆಂದು ನಿಮಗೆ ಚಿಂತೆಯಲ್ಲವೇ? ಅವರು ಏನೆಂದರೆಂದು ಹೇಳುತ್ತೇನೆ. ನಾನು ನಿಮ್ಮ ಬಂಗಲೆಯಿಂದ ಕುಂಟುತ್ತಾ ಇಳಿದು ಬಂದದ್ದನ್ನು ಬೀದಿಯವರು ನೋಡಿದ್ದರು. ಇಟ್ಟಿಗೆ ಸುಡುವವನ ಮನೆಯ ಹೆಂಗಸರು, ರೊಟ್ಟಿಯಂಗಡಿಯವಳು, ಓರಗಿತ್ತಿಯರು, ಎಲ್ಲ ನನ್ನ ಒಲೆಯ ಮುಂದೆ ಸೇರಿದರು. ನಿಮ್ಮನ್ನು ಚೆನ್ನಾಗಿ ಬೈಯುತ್ತಾರೆ ಎಂದುಕೊಂಡು ನಾನೂ ತಯಾರಾಗಿ ಕೂತಿದ್ದೆ. ಸ್ವಲ್ಪ ಬೈದರು, ಅದನ್ನು ಬಿಡಿ. ಆಮೇಲೆ ಗಡಿಬಿಡಿ ಅತ್ತೆ ಕೇಳಿದಳು, “ಆ ಹುಡುಗಿಗೆ ಹಲಗೆ ಯಾವತ್ತು ಕೊಡೋದು?” ಎಂದು. ಅಲ್ಲಿದ್ದ ಒಬ್ಬರೂ ‘ಅವಳಿಗ್ಯಾಕೆ’ ಎನ್ನಲಿಲ್ಲ. ಕೊಡುವುದೇ ಎಂದು ಚರ್ಚೆಯೇ ಆಗಲಿಲ್ಲ, ಎಲ್ಲಿಂದ ತರುವುದು ಎಂದಷ್ಟೇ ಆಯಿತು. ಏಕೆಂದರೆ ಹಲಗೆಗಳೆಲ್ಲ ನಿಮ್ಮ ಇಲಾಖೆಯ ಹಿತ್ತಲಲ್ಲಿ ಬೀಗದೊಳಗೆ ಮಳೆಗೆ ನೆನೆಯುತ್ತ ಬಿದ್ದಿವೆ. ಅತ್ತೆಯ ಹತ್ತಿರ ಒಂದು ಮಾತ್ರ ಉಳಿದಿದೆ. ನಿಮ್ಮವರು ಕೀಳಲು ಬಂದಾಗ ಅದರ ಮೇಲೆ ಮಲಗಿ, ಸೊಂಟ ನೋವಿಗೆ ವೈದ್ಯರು ಹೇಳಿದ್ದಾರೆ ಎಂದು ಹಠ ಹಿಡಿದಿದ್ದಳಂತೆ. ಅದನ್ನು ತಂದು ನನ್ನ ಒಲೆಗೆ ಒರಗಿಸಿಟ್ಟು ಹೋಗಿದ್ದಾಳೆ, ನಿಮ್ಮ ಹೆಂಡತಿಗೆ ಎಂದು. ಮೂರು ಮಹಡಿಗೆ ಒಂದು ಹಲಗೆ ಸಾಲುವುದಿಲ್ಲ ಎಂದೆ. “ಸಾಲಲ್ಲ ಅಂತ ನಂಗೂ ಗೊತ್ತು, ಶುರುವಂತೂ ಆಗ್ಲಿ” ಎಂದಳು. ಅವಳು ಹೋದ ಮೇಲೆ ನಾನು ಆ ಹಲಗೆಯ ಧೂಳು ಒರೆಸಿಟ್ಟೆ. ನಿಮ್ಮ ಮೇಲಿನ ಸಿಟ್ಟು ಹೋಗಲಿಲ್ಲ, ಆದರೆ ಈ ಊರಿಗೆ ಬಂದದ್ದಕ್ಕೆ ನನಗೆ ಸಂತೋಷವಾಯಿತು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಹಿತ್ತಲ ಬೀಗ ತೆಗೆಸಿ. ತೂತುಗಳ ಗಾರೆ ಒಡೆಸಿ. ಹಲಗೆಗಳನ್ನು ನಾವೇ ಹೊತ್ತು ತರುತ್ತೇವೆ, ನಾವೇ ಸಿಕ್ಕಿಸುತ್ತೇವೆ, ನಿಮ್ಮ ಮನೆಯಿಂದಲೇ ಶುರುಮಾಡುತ್ತೇವೆ. ನೀವು ಸಹಿ ಹಾಕಬೇಕು, ಅಷ್ಟೆ. ಅದಕ್ಕೆ ಯಾವ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಸಾಮ್ರಾಜ್ಯದ ಗೌರವಕ್ಕೆ ಕುಂದು ಬರುತ್ತದೆ ಎನಿಸಿದರೆ, ಗಣ್ಯರು ಬರುವ ದಿನ ನಾವೆಲ್ಲ ಹಲಗೆಗಳ ಮೇಲೆ ಬಟ್ಟೆ ಹಾಸಿ ಅಡ್ಡ ನಿಲ್ಲುತ್ತೇವೆ, ಕಾಣಿಸುವುದಿಲ್ಲ.

ಇದು ಆಗದಿದ್ದರೂ ಕೊಟ್ಟ ಮಾತಿನಂತೆ ನಾನು ಬರುತ್ತೇನೆ. ನೋವು ಶುರುವಾಯಿತೆಂದು ಸುದ್ದಿ ಬಂದ ತಕ್ಷಣ ಓಡಿ ಬಂದು ನಿಮ್ಮ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಮುಂದಕ್ಕೆ ಮೊಣಕಾಲು ಬರುವುದಿಲ್ಲ, ಆದರೆ ಧ್ವನಿಗೆ ಏನೂ ಆಗಿಲ್ಲ, ಮೂರನೇ ಮಹಡಿಗೆ ಚೆನ್ನಾಗಿ ಕೇಳಿಸುತ್ತದೆ. ನಾನು ಕೂಗಿ ಹೇಳುತ್ತೇನೆ, ಮೇಲೆ ಆಕೆಯ ಪಕ್ಕದಲ್ಲಿ ಇರುವವರು ನೀವು. ಅಡ್ಡ ಇರುವ ಮಗುವನ್ನು ಹೇಗೆ ತಿರುಗಿಸಬೇಕೆಂದು ಅವತ್ತು ಕಲಿಸುತ್ತಾ ಕೂರಲು ಪುರುಸೊತ್ತಿರುವುದಿಲ್ಲ. ಈಗಿನಿಂದಲೇ ಉಗುರು ಕತ್ತರಿಸಿಕೊಳ್ಳಿ, ಕೈ ಬಿಸಿನೀರಿನಲ್ಲಿ ತೊಳೆದು ಅಭ್ಯಾಸ ಮಾಡಿಕೊಳ್ಳಿ.

ಇಂತಿ,
ನಿಮ್ಮ ಮಗುವಿನ ಬೆನ್ನನ್ನು ಮೊದಲು ತಾನೇ ತಟ್ಟಬೇಕೆಂಬ ಆಸೆಯಿಟ್ಟುಕೊಂಡು
ಸದ್ಯಕ್ಕೆ ಮೆಟ್ಟಿಲ ಕೆಳಗೇ ಉಳಿದಿರುವ
ಸೂಲಗಿತ್ತಿ